ಭುಜಂಗ ತಾಂಡೇಲರ ಫ್ರಿಜ್ಜು

ಹಡಗಿನ ಎಂಜಿನಿಯರ್ ಆಗಿ ನಿವೃತ್ತರಾದ ಭುಜಂಗ ತಾಂಡೇಲರು ಸಣ್ಣದೊಂದು ಹಾಯಿದೋಣಿ ಕೊಂಡು, ಮೇಲೆ ಸೋಲಾರ್ ಪ್ಯಾನೆಲ್ ಬಿಗಿದು, ಒಳಗೆ ಪುಟ್ಟ ಫ್ರಿಜ್ಜು ಕೂರಿಸಿದರು. "ಈ ಬಿಸಿಲಲ್ಲಿ ಮೀನು ಎರಡು ದಿನವೂ ಉಳಿಯೋದಿಲ್ಲ" ಎಂದು ನಕ್ಕ ಗೆಳೆಯ ಪಾಂಡುರಂಗನನ್ನು ಐದನೇ ದಿನ ದೋಣಿಗೇ ಊಟಕ್ಕೆ ಕರೆದರು.

ದ್ವೀಪದ ಮಗ್ಗುಲಲ್ಲಿ ಲಂಗರು ಹಾಕಿದ ಆ ಐದೂ ದಿನ ಅವರು ಹೆಂಡತಿ ಸುಗಂಧಾಗೆ ಫ್ಯಾನ್ ಹಾಕಲು ಬಿಡಲಿಲ್ಲ.

"ಸೆಕೆಗೆ ಬೆಂದುಹೋಗ್ತಿದ್ದೇನೆ ರೀ."

"ಸ್ವಲ್ಪ ತಡ್ಕೊಳ್ಳೇ. ಬ್ಯಾಟರಿಯ ಕರೆಂಟೆಲ್ಲ ಫ್ರಿಜ್ಜಿಗೇ ಬೇಕು."

ಪಾಂಡುರಂಗ ಬಂದ. ಮೊದಲ ದಿನ ಕೊಂಡಿದ್ದ ಇಸವಣ ಮೀನಿನ ಸಾರು ಉಂಡು ಬೆರಳು ನೆಕ್ಕಿದ.

"ಈಗಷ್ಟೇ ಬಲೆಯಿಂದ ಎತ್ತಿದ ಹಾಗಿದೆ! ಸೋತೆ ಮಾರಾಯಾ."

ಭುಜಂಗರ ಎದೆ ಉಬ್ಬಿತು. ವೋಲ್ಟು, ಆಂಪಿಯರು ಎಂದು ಅರ್ಧ ಗಂಟೆ ವಿವರಿಸಿದರು. ಸುಗಂಧಾ ಬೆವರೊರೆಸಿಕೊಳ್ಳುತ್ತ, ತಲೆ ಎತ್ತದೆ ಅನ್ನ ಬಡಿಸಿದಳು.

ಅಷ್ಟರಲ್ಲಿ ಮೀನುಗಾರನ ದೋಣಿಯೊಂದು ಪಕ್ಕಕ್ಕೆ ಬಂದು ತಗುಲಿತು. ಹೊರಗಿನಿಂದ ತಗ್ಗಿದ ದನಿಯೊಂದು ಕೇಳಿತು:

"ಅಕ್ಕಾ, ಇವತ್ತು ತಡ ಆಯ್ತು. ದಿನಾ ಯಜಮಾನರು ಏಳುವ ಮುಂಚೆ ನಿಮ್ಮ ಫ್ರಿಜ್ಜಿಗೆ ತುಂಬುವ ಐಸು ತಂದಿದ್ದೇನೆ. ಅವರು ಹತ್ತಿರ ಇಲ್ಲ ತಾನೇ?"