ಹಿಮನದಿಗೆ ಹೇಳಿದ ಸುದ್ದಿ

"ಅಜ್ಜೀ, ನಿನ್ನ ವಿನಿಫ್ರೆಡ್ ಹೋಗಿಬಿಟ್ಟಳು." ಹಡಗಿನ ಕಂಬಿ ಹಿಡಿದು ಲೋರೆನಾ ಆ ಕೊಲ್ಲಿಯ ಮೂಲನಿವಾಸಿಗಳಾದ ತನ್ನ ಹುನಾ ಜನರ ಮಾತಿನಲ್ಲಿ ಹಿಮನದಿಗೆ ಹೇಳಿದಳು. ಅವರ ಪಾಲಿಗೆ ಆ ಹಿಮ ಅಜ್ಜಿಯೇ. ಪ್ರವಾಸಿಗರಿಗೆ ಈ ಕೊಲ್ಲಿಯ ಕಥೆ ಹೇಳಲು ಅವಳೂ ಅಕ್ಕ ವಿನಿಫ್ರೆಡ್‌ಳೂ ಒಂಬತ್ತು ಬೇಸಿಗೆ ಅಲಾಸ್ಕಾದ ಹಡಗು ಹತ್ತಿದ್ದರು. ಈ ಸಲ ಅಕ್ಕನಿಲ್ಲ. ದುಃಖದ ಮಾತನ್ನು ಕೇಳಿದವರು ಉತ್ತರ ಕೊಟ್ಟು ಎತ್ತಿಕೊಳ್ಳಬೇಕು, ಇಲ್ಲವಾದರೆ ಅದು ನೆಲಕ್ಕೆ ಬಿದ್ದಂತೆ ಎಂದು ನಂಬಿದವಳು ಲೋರೆನಾ. ಅದಕ್ಕೇ ಹಿಮನದಿಯ ಉತ್ತರಕ್ಕೆ ಕಾದಳು.

"ಜೋರಾಗಿ ಹೇಳು ಚಿಕ್ಕಜ್ಜೀ, ಹಿಮದಜ್ಜಿಗೆ ಕಿವಿ ಮಂದ," ಎಂದಳು ಪಕ್ಕದಲ್ಲಿದ್ದ ವಿನಿಫ್ರೆಡ್‌ಳ ಮೊಮ್ಮಗಳು ಡೆಲ್ಮಾ.

"ಶ್! ಅವಳಿಗೆಲ್ಲಾ ಕೇಳಿಸುತ್ತೆ. ಥೇಟ್ ನಿನ್ನಜ್ಜೀದೇ ಬಾಯಿ ನಿಂಗೆ."

ಆಗಲೇ ನೀಲಿ ಗೋಡೆಯೊಳಗೆ ಏನೋ ಗೊಣಗಿತು. ಲೋರೆನಾ ಉಸಿರು ಬಿಗಿಹಿಡಿದು ತಲೆ ವಾಲಿಸಿದಳು. ಮನೆಯಷ್ಟು ದೊಡ್ಡ ಹಿಮದ ತುಂಡು ಕಳಚಿ ನೀರಿಗೆ ಬಿದ್ದದ್ದೇ ತಡ, ಡೆಕ್ಕಿನ ತುಂಬ ಚಪ್ಪಾಳೆ, ಸಿಳ್ಳೆ, ಕೇಕೆ. ಆ ಗದ್ದಲದಲ್ಲಿ ಹಿಮದ ಗುಡುಗು ಮುಳುಗಿಯೇ ಹೋಯಿತು. ಬಿಸಿ ಚಾಕಲೇಟಿನ ಲೋಟ ಹಿಡಿದಿದ್ದ ಪ್ರವಾಸಿ ಮುದುಕನೊಬ್ಬ, "ಏನ್ ಶಬ್ದ ಅಮ್ಮಾ! ಕೇಳಿದ್ರಾ?" ಎಂದ.

"ಇಲ್ಲ. ನೀವು ಕೇಳೋಕೆ ಬಿಡ್ಲಿಲ್ಲ," ಎಂದಳು ಲೋರೆನಾ. "ನನ್ನಕ್ಕ ತೀರಿಕೊಂಡಿದಾಳೆ. ಈ ಹಿಮದಜ್ಜಿ ಅದಕ್ಕೇ ಏನೋ ಹೇಳಿದ್ದು."

ಮುದುಕ ಟೋಪಿ ತೆಗೆದ. ಅವನು ಹೆಂಡತಿಗೆ ಹೇಳಿದ, ಅವಳು ಪಕ್ಕದವರಿಗೆ. ಮಾತು ಬಾಯಿಂದ ಬಾಯಿಗೆ ದಾಟಿ ಡೆಕ್ಕಿಗೆ ಡೆಕ್ಕೇ ಸುಮ್ಮನಾಯಿತು. ಎತ್ತಿದ್ದ ಫೋನುಗಳೂ ಕೆಳಗಿಳಿದವು. ಸಾವಿರ ಜನ ಅವಳೊಂದಿಗೆ ಕಿವಿಗೊಟ್ಟು ನಿಂತರು. ಹಡಗು ಮೆಲ್ಲಗೆ ತಿರುಗಿ ಹೊರಡುವವರೆಗೂ ಹಿಮನದಿ ಮತ್ತೆ ಮಾತಾಡಲಿಲ್ಲ.