ಮೊಬೈಲ್ ಮಾತ್ರ

ಲುಂಬಿನಿಯ ಹೆಬ್ಬೆರಳು ಆಟ ತೋರಿಸುವ ಆ್ಯಪಿನ ಚಂದಾ ಪಟ್ಟಿಯಲ್ಲಿ ‘ಮೊಬೈಲ್ ಮಾತ್ರ’ ಎಂಬ ಚೌಕದ ಮೇಲೆ ಇಳಿಯುವಷ್ಟರಲ್ಲಿ ವಿಠೋಬಾ ಮಗಳ ಮುಂಗೈ ಹಿಡಿದ.

“ಅದಲ್ಲವ್ವಾ, ಕೆಳಗಿಂದು ಒತ್ತು. ಟಿ.ವಿ.ದಾಗೂ ಬರ್ತದಲ್ಲ, ಅದು. ರೊಕ್ಕದ ಫಿಕರ್ ನಿನಗ್ಯಾಕ?”

“ರೊಕ್ಕದ ಮಾತಲ್ಲಪ್ಪಾ. ನನಗ ಇದೇ ಬೇಕು.”

“ಹುಚ್ಚಿ! ಅಷ್ಟು ದೊಡ್ಡ ಟಿ.ವಿ. ತಂದಿಟ್ಟೀನಿ. ಆರಡಿ ಹೆಣ್ಮಕ್ಕಳು ಆಡೂ ಆಟ ಅಂಗೈಯಾಗ ಇಟ್ಕೊಂಡು ನೋಡ್ತೀಯೇನು?”

ಲುಂಬಿನಿ ಒತ್ತಿಯೇ ಬಿಟ್ಟಳು.

ಅಮೆರಿಕದ ಹೆಣ್ಣುಮಕ್ಕಳು ಅಲ್ಲಿ ರಾತ್ರಿ ಆಡುವ ಬಾಸ್ಕೆಟ್‌ಬಾಲ್, ವಾಡಿ ಜಂಕ್ಷನ್ನಿನ ಆಚೆಯ ಈ ಊರಿಗೆ ಬೆಳಗಿನ ಚಹಾದ ಹೊತ್ತಿಗೆ ಬರುತ್ತದೆ. ಹೋದ ವಾರ ಆ್ಯಪಿನವರು ಪುಕ್ಕಟೆ ತೋರಿಸಿದಾಗ ವಿಠೋಬಾ ಬೆರಗಾಗಿ ಕೂತುಬಿಟ್ಟಿದ್ದ. ಒಬ್ಬಾಕೆ ನೆಲ ಬಿಟ್ಟು ಎದ್ದಳೆಂದರೆ, ಮರಳಿ ಇಳಿಯುವ ಅವಸರವೇ ಇಲ್ಲದವಳಂತೆ ಗಾಳಿಯಲ್ಲಿ ನಿಲ್ಲುತ್ತಿದ್ದಳು. ಅದಕ್ಕಿಂತ ದೊಡ್ಡ ಬೆರಗು ಅವನ ಅಂಗಳದಲ್ಲಿತ್ತು. ಮಗಳ ಕಾಲೇಜು ತಂಡದ ಶಿವಗಂಗಾ, ಭುವನೇಶ್ವರಿ, ಮೇಲಿನ ಓಣಿಯ ದೊಡ್ಡ ಮನೆಗಳ ಹುಡುಗಿಯರು, ಆಟ ನೋಡಲು ಬುದ್ಧನಗರಕ್ಕೆ ಬಂದಿದ್ದರು. ಬುದ್ಧನಗರ ಅನ್ನುವುದು ಫಲಕದಲ್ಲಿ. ಊರ ಬಾಯಲ್ಲಿ ಅದು ಇನ್ನೂ ಕೇರಿ. ಮೇಲಿನ ಓಣಿಯ ಮನೆಗಳಿಗೆ ಶಹಾಬಾದಿನ ಫರಸಿ ಕಲ್ಲು ಹಾಸಿದವನು ಇದೇ ವಿಠೋಬಾ. ಹಾಸಿದ ಮೇಲೆ ಒಂದರ ಮೇಲೂ ಕೂತವನಲ್ಲ.

“ಒಳಗ ಬರ್ರಿ” ಅಂದರೆ ಶಿವಗಂಗಾ “ಇಲ್ಲೇ ಗಾಳಿ ಛಲೋ ಅದ ಕಾಕಾ” ಅಂದಿದ್ದಳು. ಮೇ ತಿಂಗಳು. ಬೇವಿನ ಎಲೆಯೂ ಅಲ್ಲಾಡುತ್ತಿರಲಿಲ್ಲ. ವಿಠೋಬಾ ಟಿ.ವಿ.ಯನ್ನು ಬಾಗಿಲ ಕಡೆ ತಿರುಗಿಸಿದ, ಅಂಗಳಕ್ಕೆ ಖುರ್ಚಿ ಹಾಕಿದ, ಕೊಡೆಯನ್ನೂ ಕೊಟ್ಟ. ದೂರ ಕೂರುವವರಿಗೆ ಆ ದೂರವನ್ನೇ ಹಿತವಾಗಿಸುವ ವಿದ್ಯೆ ಅವನಿಗೆ ಅಪ್ಪನಿಂದ, ಅಪ್ಪನಿಗೆ ಅಜ್ಜನಿಂದ ಬಂದಿತ್ತು.

“ನಾಳೆ ಗೆಳತ್ಯಾರು ಬರ್ತಾರಲ್ಲ?” ಅಂದ ಈಗ. “ಅಂಗಳದಿಂದ ಫೋನು ಅವರಿಗಿ ಹ್ಯಾಂಗ ಕಾಣಬೇಕು?”

“ಕಾಣಂಗಿಲ್ಲ. ಅದಕ್ಕೇ ತಗೊಂಡೀನಿ.”

ವಿಠೋಬಾ ಮಗಳನ್ನೇ ದಿಟ್ಟಿಸಿದ. “ಬರೂದೇ ಬಿಟ್ರ? ತಂಡದಾಗ ನಿನ್ನ ಸಂಗಟ ಮಾತೇ ಬಿಟ್ರ?”

“ಬಿಡ್ಲಿ. ಆಡೂ ಮುಂದ ನಾ ಕೊಟ್ಟ ಬಾಲ್ ಹಿಡೀತಾರ, ಗೆದ್ದ ಮ್ಯಾಲ ನನ್ನ ಬೆವರಿನ ಮೈಗೇ ತೆಕ್ಕಿ ಬೀಳ್ತಾರ. ನಮ್ಮ ಹೊಸ್ತಿಲಕ್ಕ ಬಂದ್ರ ಮಾತ್ರ ಇವರಿಗಿ ಗಾಳಿ ಬೇಕಾಗ್ತದ! ಆಟ ಬೇಕೋ ಅಂಗಳ ಬೇಕೋ, ನನಗೂ ಗೊತ್ತಾಗ್ಲಿ.”

ಮಾತೇನೋ ಗಟ್ಟಿಯಾಗಿತ್ತು. ಆದರೆ ಅವಳಿಗೆ ಆ ಇಬ್ಬರನ್ನು ಬಿಟ್ಟರೆ ಬೇರೆ ಗೆಳತಿಯರಿಲ್ಲ ಎಂಬುದು ವಿಠೋಬಾನಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಇಬ್ಬರೂ ಬಂದರು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು.

“ಟಿ.ವಿ. ಯಾಕಲೇ ಬಂದ್ ಅದ?” ಶಿವಗಂಗಾ ಅಂಗಳದಿಂದಲೇ ಕೂಗಿದಳು.

“ನಾ ತಗೊಂಡಿದ್ರಾಗ ಟಿ.ವಿ.ಗಿ ಬರಂಗಿಲ್ಲ. ಫೋನ್‌ದಾಗ ಅಷ್ಟೇ.”

“ಹಂಗಾದ್ರ ಹೊರಗ ತಾ.”

ಲುಂಬಿನಿ ತಂದು ಅವಳ ಕೈಗೇ ಕೊಟ್ಟಳು. ಶಿವಗಂಗಾ ಫೋನನ್ನು ಆ ಕಡೆ ಈ ಕಡೆ ಹೊರಳಿಸಿದಳು, ಅಂಗೈ ಅಡ್ಡ ಹಿಡಿದಳು. ಬಿಸಿಲಿಗೆ ಆ ಗಾಜಿನಲ್ಲಿ ಕಂಡದ್ದು ಅವಳದೇ ಮುಖ. ಲುಂಬಿನಿ ಫೋನು ಇಸಿದುಕೊಂಡು ಒಳಗೆ ಹೋದಳು, ಜೋಳದ ಡಬ್ಬಿಗೆ ಅದನ್ನು ಆನಿಸಿ ಅಪ್ಪನ ಪಕ್ಕ ಕೂತಳು. ಬೂಟುಗಳು ಕಿರುಗುಟ್ಟಿದವು. ಎಲ್ಲೋ ಸಾವಿರಾರು ಮಂದಿ ಒಮ್ಮೆಲೇ ಹೋ ಎಂದರು. ಲುಂಬಿನಿಯೂ ಚೀರಿದಳು.

“ಏನಾತಲೇ? ಬಿತ್ತೇನು?”

“ಒಳಗ ಬಂದು ನೋಡು. ಇಲ್ಲಾ ಅಲ್ಲೇ ನಿಂತು ಗಾಳಿ ಕುಡಿ.”

 ಹೀಗೂ ಮಾತಾಡಬಹುದೆಂದು ವಿಠೋಬಾನಿಗೆ ಈ ವಯಸ್ಸಿನವರೆಗೆ ಯಾರೂ ಹೇಳಿರಲಿಲ್ಲ.  ಮತ್ತೊಮ್ಮೆ ಹೋ ಎಂಬ ಗದ್ದಲ ಎದ್ದಿತು. ಆಗ ಚಪ್ಪಲಿ ಕಳಚಿದ ಸಪ್ಪಳ ಕೇಳಿಸಿತು.

ಶಿವಗಂಗಾ ಬಂದು ಮೊದಲು ಒಂದು ಮಾರು ಬಿಟ್ಟೇ ಕೂತಳು. ಅಷ್ಟು ದೂರದಿಂದ ಬಾಲ್ ಯಾವುದು, ತಲೆ ಯಾವುದು ತಿಳಿಯುವಂತಿರಲಿಲ್ಲ. ಜರುಗಿದಳು. ಇನ್ನಷ್ಟು ಜರುಗಿದಳು. ಆಟ ಬಿಗಿಯಾಗುವ ಹೊತ್ತಿಗೆ ಇಬ್ಬರ ಕಿವಿಗೆ ಕಿವಿ ತಾಗಿತ್ತು, ಅವಳ ಜಡೆ ಲುಂಬಿನಿಯ ತೊಡೆಯ ಮೇಲೆ ಬಿದ್ದಿತ್ತು. ಪರದೆಯಲ್ಲಿ ಹೆಬ್ಬೆರಳಿನಷ್ಟು ಹೆಣ್ಣೊಬ್ಬಳು ನೆಲ ಬಿಟ್ಟು ಎದ್ದಳು. “ಯವ್ವಾ!” ಎಂದು ಶಿವಗಂಗಾ ಲುಂಬಿನಿಯ ಕೈ ಗಪ್ಪನೆ ಹಿಡಿದಳು. ವಿಠೋಬಾನ ಕಣ್ಣು ಆ ಕೈಗಳ ಮೇಲೇ ಇತ್ತು. ಹಾರಿದವಳನ್ನು ಅವನು ನೋಡಿರಲೇ ಇಲ್ಲ.

“ಭುವೀ, ನೀನೂ ಬಾರಲೇ!” ಶಿವಗಂಗಾ ಕೂಗಿದಳು.

“ಇಲ್ಲಲೇ. ಮನ್ಯಾಗ ಗೊತ್ತಾದ್ರ ಮುಗೀತು. ಸ್ಕೋರ್ ಎಷ್ಟಾತು ಹೇಳ್ರಿ.”

ಭುವನೇಶ್ವರಿ ಬಿಸಿಲಲ್ಲಿ ನಿಂತಿದ್ದಳು. ವಿಠೋಬಾ ತನಗರಿವಿಲ್ಲದೆ ಖುರ್ಚಿ ತರಲು ಎದ್ದ. ಲುಂಬಿನಿ ಪರದೆಯಿಂದ ಕಣ್ಣು ಕೀಳದೆಯೇ ಅವನ ಅಂಗಿ ಹಿಡಿದು ಜಗ್ಗಿದಳು.

“ಕುಂದ್ರಪ್ಪಾ. ಫ್ರೀ ಥ್ರೋ ಅದ.”

ಅವನು ಕೂತ. ಸ್ಕೋರ್ ಎಷ್ಟೆಂದು ಹೊರಗಿನಿಂದ ಮತ್ತೆ ಕೇಳಿತು. ಯಾರಿಗೂ ಬಿಡುವಿರಲಿಲ್ಲ. ಭುವನೇಶ್ವರಿ ಒಂದು ಹೆಜ್ಜೆ ಮುಂದಿಟ್ಟು ಬಾಗಿಲೆದುರು ಕತ್ತು ಚಾಚಿ ನಿಂತಳು. ಅವಳ ಕಾಲು ಅಂಗಳದಲ್ಲೇ ಇತ್ತು. ಬೆಳಗಿನ ಬಿಸಿಲಿಗೆ ಉದ್ದವಾಗಿದ್ದ ಅವಳ ನೆರಳು ಮಾತ್ರ ಯಾರನ್ನೂ ಕೇಳದೆ ಹೊಸ್ತಿಲು ದಾಟಿ, ವಿಠೋಬಾನ ಹೆಗಲ ಮೇಲಿಂದ ಆ ಸಣ್ಣ ಪರದೆಯೊಳಗೆ ಇಣುಕುತ್ತಿತ್ತು.