ತಳ ಕೆರೆಯುವ ಸದ್ದು

ಖಾಲಿ ಅನ್ನದ ಪಾತ್ರೆಯ ತಳವನ್ನು ಜೊರೈದಾ ಸೌಟಿನಿಂದ ಕರಕರ ಕೆರೆದಳು. ಸದ್ದು ಬೇಲಿ ದಾಟಲೆಂದು ಇನ್ನೊಮ್ಮೆ ಜೋರಾಗಿ ಕೆರೆದಳು. ಪೋರ್ಟೊ ರಿಕೊದ ಆ ಬೀದಿಯಲ್ಲಿ ಆ ಸದ್ದಿಗೆ ಒಂದೇ ಅರ್ಥ: ಅನ್ನ ಆಯಿತು, ತಳ ಹಿಡಿದ ಗರಿಗರಿ ಹಕ್ಕಳೆ ಬೇಕಾದವರು ತಟ್ಟೆ ತನ್ನಿ. ಗಂಡ ತೀರಿಕೊಂಡ ಮೇಲೆ ತಟ್ಟೆ ಹಿಡಿದು ಬರುತ್ತಿದ್ದವನು ಪಕ್ಕದ ಮನೆಯ ಮುದುಕ ಅನ್ಸೆಲ್ಮೊ ಒಬ್ಬನೇ. ಜೊರೈದಾಳಿಗೆ ಸಕ್ಕರೆ ಕಾಯಿಲೆಯೆಂದು ಡಾಕ್ಟರು ಅನ್ನ ಬಿಡಿಸಿದಂದಿನಿಂದ ಅವನ ಸುಳಿವೂ ಇರಲಿಲ್ಲ. ಈಗೀಗ ಅವಳು ದಿನಾ ಬಾಣಲೆಯಲ್ಲಿ ಎಲೆಕೋಸು ಬಾಡಿಸಿ, ಮೊಟ್ಟೆ ಒಡೆದು ಹಾಕಿ, ಒಲೆಯ ಪಕ್ಕ ನಿಂತುಕೊಂಡೇ ತಿಂದು ಮುಗಿಸುತ್ತಿದ್ದಳು. ಎಲೆಕೋಸಿಗೆ ಹಕ್ಕಳೆ ಕಟ್ಟುವುದಿಲ್ಲ.

ಬಾಗಿಲಲ್ಲಿ ಅನ್ಸೆಲ್ಮೊ ನಿಂತಿದ್ದ, ಕೈಯಲ್ಲಿ ಅದೇ ನೀಲಿ ಅಂಚಿನ ತಟ್ಟೆ. "ಏನಮ್ಮಾ, ಇಷ್ಟು ದಿನ ಕದ್ದು ಕದ್ದು ಒಬ್ರೇ ತಿಂತಿದ್ರಾ? ಎಲ್ಲಿ ನನ್ನ ಪಾಲು?"

ಜೊರೈದಾ ಪಾತ್ರೆಯನ್ನು ಬೆನ್ನ ಹಿಂದೆ ಮರೆಮಾಡಲು ನೋಡಿದಳು. ಅಷ್ಟು ದೊಡ್ಡ ಪಾತ್ರೆ ಎಲ್ಲಿ ಅಡಗೀತು? ಅವನು ಇಣುಕಿದ. ತಳ ಫಳಫಳ ಹೊಳೆಯುತ್ತಿತ್ತು.

"ಅನ್ನ ಮಾಡಿಲ್ಲ. ನಂಗೆ ಸಕ್ಕರೆ ಕಾಯಿಲೆ," ಎಂದಳು. "ಸುಮ್ನೆ ಕೆರೆದೆ. ಬೈಯೋದಿದ್ರೆ ಬೈದುಬಿಡಿ."

ಅವನು ಬೈಯಲಿಲ್ಲ, ಕುರ್ಚಿ ಎಳೆದು ಕೂತ. "ನಂಗದು ನಿಮಗಿಂತ ಮೊದ್ಲೇ ಬಂದಿದೆ ಕಣಮ್ಮಾ. ನೀವು ಕೊಟ್ಟ ಹಕ್ಕಳೆ ಎಲ್ಲಾ ತಿಂದು ಕೊಬ್ಬಿದ್ದು ನಮ್ಮ ಕೋಳಿಗಳು."

"ಮತ್ತೆ ಬರೋದು ಯಾಕೆ ಬಿಟ್ರಿ?"

"ಸದ್ದೇ ಇಲ್ದಿದ್ರೆ ಏನಂತ ನೆಪ ಹೇಳ್ಕೊಂಡು ಬರ್ಲಿ?" ಅವನು ಒಲೆಯ ಮೇಲಿನ ಬಾಣಲೆಯತ್ತ ನೋಡಿ ತಟ್ಟೆ ಚಾಚಿದ. "ಆ ಕೋಸು ಏನಾದ್ರೂ ಉಳಿದಿದ್ಯಾ?"

ಅವಳು ಬಾಣಲೆಯಲ್ಲಿದ್ದುದನ್ನು ಎರಡು ಪಾಲು ಮಾಡಿದಳು. ಆಮೇಲೆ ತಾನೂ ಕೂತಳು.